ಮಂಚಮ್ಮನ ಇಕ್ಕಳ, ಮಂಚಮ್ಮನ ಹೊಟ್ಟೆಕಿಚ್ಚು

ತಲಕಾಡಿನ ಕಡೆಯ ಹೊಳೆದಂಡೆಯ ಊರು. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮನೆಯಿಂದ ದೂರ, ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿ, ಮೂಗಿಗೆ ಸೆರಗು ಬಿಗಿದು ಮಂಚಮ್ಮ ಸೀಸ ಕರಗಿಸುತ್ತಿದ್ದಾರೆ. ತಣಿದ ಸೀಸದ ತುಂಡನ್ನು ಮೀನುಬಲೆಯ ಅಂಚಿನ ಹಗ್ಗಕ್ಕೆ ಸುತ್ತಿ ಬಿಗಿದರೆ ಬಲೆ ನೀರಿನ ತಳಕ್ಕೆ ಇಳಿದು ನಿಲ್ಲುತ್ತದೆ. ಬಿಗಿಯಲು ಅವರ ಬಳಿ ಒಂದು ಹಳೆಯ ಇಕ್ಕಳವಿದೆ.

ಈ ಊರಿನಲ್ಲಿ ಇಕ್ಕಳ ಹಿಡಿದವರು ಇವರೊಬ್ಬರೇ. ಉಳಿದ ಹೆಂಗಸರೆಲ್ಲ ಸೀಸವನ್ನು ಹಲ್ಲಿನಲ್ಲಿ ಕಚ್ಚಿಯೇ ಬಿಗಿಯುತ್ತಾರೆ, ಅದೂ ಎಲೆಅಡಿಕೆ ಜಗಿದಷ್ಟು ಸಲೀಸಾಗಿ. ಕರಗಿಸುವುದು ಅನ್ನ ಬೇಯುವ ಒಲೆಯಲ್ಲೇ. ಮದುವೆಯಾಗಿ ಬಂದಾಗಿನಿಂದ ಮಂಚಮ್ಮನೂ ಹಾಗೇ ಮಾಡಿದರು. ಮೂರು ಬಸಿರು ನಿಲ್ಲಲಿಲ್ಲ. ಮೂರನೆಯದು ಹೋದಾಗ ಮೈಸೂರಿನ ವೈದ್ಯೆಯೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಸೀಸ ಸೇರಿದೆ ಎಂದರು. ಇದರಿಂದಲೇ ಹೋಯಿತೆಂದು ಖಚಿತವಾಗಿ ಹೇಳಲಾಗದು, ಆದರೆ ಸೀಸ ಬಸಿರಿಗೆ ಅಪಾಯ. ಬಾಯಿಗಿಡಬೇಡಿ, ಒಲೆಯ ಹತ್ತಿರ ತರಬೇಡಿ ಎಂದರು.

ಈಗ ಅದೇ ಮನೆಯಲ್ಲಿ ಓರಗಿತ್ತಿ ಗೌತಮಿಗೆ ಏಳು ತಿಂಗಳು.

ಪತ್ರಿಕೆಗೆ ನಾನು ಬರೆಯುವ ಇಂಥ ಬರಹಗಳಿಗೆ ಸಿಗುವವರೆಲ್ಲ ಸಾಮಾನ್ಯವಾಗಿ ಸಂತರಂತೆ ಮಾತಾಡುತ್ತಾರೆ. ಮಂಚಮ್ಮ ಆ ಪೈಕಿ ಅಲ್ಲ. "ಮದ್ವೆಯಾಗಿ ವರ್ಸ ತುಂಬಿಲ್ಲ, ಆಗ್ಲೇ ಒಟ್ಟೆ ಮುಂದೆ ಮಾಡ್ಕಂಡು ಓಡಾಡ್ತಾಳೆ. ನಂಗೆ ಒಟ್ಟೆ ಉರೀತದೆ ಸಾ. ಯಾಕ್ ಸುಳ್ಳು ಏಳ್ಲಿ?" ಎನ್ನುತ್ತಾರೆ. ಕಳೆದ ವಾರ ಗೌತಮಿಗೆ ಬಳೆ ತೊಡಿಸುವ ಶಾಸ್ತ್ರ ನಡೆಯಿತು. ಬಸಿರು ಕಳೆದುಕೊಂಡವಳ ಕೈ ತಾಗಬಾರದೆಂದು ಇವರನ್ನು ಹಿಂದೆ ಕೂರಿಸಿದರು. "ಅವ್ಳ ಕೈತುಂಬ ಅಸ್ರು ಬಳೆ. ನೋಡಕಾಗ್ನಿಲ್ಲ. ಆ ಪಾಯಸ ನನ್ ಗಂಟ್ಲಲ್ಲಿ ಇಳೀನೇ ಇಲ್ಲ."

ಆದರೂ ವೈದ್ಯೆಯ ಮಾತನ್ನು ಮನೆಯವರಿಗೆ ಹೇಳಿ ಹೇಳಿ ಸೋತಿದ್ದಾರೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಗೌತಮಿ ಏಳುವ ಮುಂಚೆಯೇ ಎದ್ದು, ಅವಳ ಪಾಲಿನ ಬಲೆಯನ್ನೂ ಇವರೇ ಮುಗಿಸುತ್ತಾರೆ. ಹೊಳೆಯಲ್ಲಿ ಮಿಂದು, ಸೀರೆ ಬದಲಿಸಿಯೇ ಮನೆ ಹೊಗುತ್ತಾರೆ. ಇಕ್ಕಳದ ಕೆಲಸ ನಿಧಾನ, ಅಂಗೈಯೆಲ್ಲ ಬೊಬ್ಬೆ.

ಇಂದು ನನ್ನೊಂದಿಗೆ ಮಾತಾಡುತ್ತ ತಡವಾಗಿದೆ. ಕಾಫಿಗೆ ಕರೆಯಲು ಬಂದ ಗೌತಮಿ ಬಲೆಯ ಪಕ್ಕ ಕೂತವಳು, ಅಭ್ಯಾಸಬಲದಿಂದ ಸೀಸದ ತುಂಡೊಂದನ್ನು ಬಾಯಿಗಿಡುತ್ತಾಳೆ. ಮಂಚಮ್ಮ ಇಕ್ಕಳ ಎಸೆದು ಅವಳ ಕೈಗೆ ಒಂದೇಟು ಹಾಕುತ್ತಾರೆ.

"ಉಗಿಯೇ! ಬಾಯಿ ತೊಳ್ಕೊ ಓಗು!"

ಗೌತಮಿಯ ಕಣ್ಣಲ್ಲಿ ನೀರು. "ಅಕ್ಕಂಗೆ ನನ್ ಕಂಡ್ರೇ ಆಗಲ್ಲ. ಬಲೆ ಮುಟ್ಟಕೂ ಬಿಡಲ್ಲ," ಎಂದು ಅಳುತ್ತ ಹೊಳೆಯ ಕಡೆ ನಡೆಯುತ್ತಾಳೆ. ಅವಳ ಹಿಂದೆಯೇ ಬಂದಿದ್ದ ಅತ್ತೆ ಪಾಪಮ್ಮ ನನ್ನತ್ತ ತಿರುಗಿ, "ಅದ್ನೇ ಕಚ್ಕಂಡು ನಾನು ಐದು ಮಕ್ಕ ಎತ್ತಿಲ್ವಾ? ಇವ್ಳಿಗೆ ಒಟ್ಟೆಕಿಚ್ಚು ಕಣಪ್ಪ, ಇನ್ನೇನಿಲ್ಲ," ಎಂದು ಮನೆಯತ್ತ ಹೋಗುತ್ತಾರೆ.

ಮಂಚಮ್ಮ ಎಸೆದ ಇಕ್ಕಳವನ್ನು ಎತ್ತಿಕೊಳ್ಳುತ್ತಾರೆ. ನನಗೇ ಸಿಟ್ಟು ಬಂದು, ಹೊಟ್ಟೆಕಿಚ್ಚಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳುತ್ತೇನೆ.

"ಇರೋದ್ನ ಇಲ್ಲ ಅಂತ ಎಂಗೇಳ್ಲಿ ಸಾ?" ಎನ್ನುತ್ತ ಅವರು ಹೊಳೆಯ ಕಡೆ ನೋಡುತ್ತಾರೆ. ಗೌತಮಿ ನಿಜವಾಗಿಯೂ ಬಾಯಿ ಮುಕ್ಕಳಿಸುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಮಾತು. "ಆ ಕೂಸು ಉಸಾರಾಗಿ ಉಟ್ಲಿ. ಒಟ್ಟೆ ಉರ್ಕೊಳಕೆ ಆಮ್ಯಾಕೆ ಬೇಕಾದಷ್ಟು ಟೈಮದೆ."