ಇಂಟರ್‌ವಲ್ಲಿನ ಕಡಲೆಕಾಯಿ ಚಿತ್ರ ನನ್ನದಲ್ಲ

ಮುನಿರಾಜಣ್ಣ, ಟಾಕೀಸಿನಲ್ಲಿ ಇಂಟರ್‌ವಲ್ ಹೊತ್ತಿಗೆ ಪರದೆಯ ಮೇಲೆ ಬರುತ್ತಿದ್ದ ಕಡಲೆಕಾಯಿ, ಮಸಾಲೆ ವಡೆ, ಗೋಲಿ ಸೋಡಾ ಜಾಹೀರಾತುಗಳನ್ನು ಬರೆದದ್ದು ನಾನಲ್ಲ. ನೀವು ಬರೆದದ್ದು. ನಾನು ಕದ್ದೆ. ಇಷ್ಟು ಹೇಳಲು ನನಗೆ ಎಂಟು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕಿಷ್ಟು!

ಆಗ ನಾನು ಪೀಣ್ಯದ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಕೈಮುಗಿದ ಪುಢಾರಿಗಳು — ದಿನವಿಡೀ ಅದೇ. ಮಾಲ್‌ಗಳ ಪಾಲಾಗಿದ್ದ ಜನರನ್ನು ಮತ್ತೆ ಸೆಳೆಯಬೇಕೆಂದು, ನಾಗಸಂದ್ರದ ಕಡೆಯ ಹಳೆಯ ಟಾಕೀಸಿನ ಮಾಲೀಕ ಗೌಡರು ನಮ್ಮಲ್ಲಿಗೆ ಬಂದರು. "ಹಳೇ ಕಾಲದ ಸ್ಲೈಡ್ ಥರಾನೇ ಬೇಕು ಕಣಯ್ಯ, ಕೈಯಲ್ಲಿ ಬರ್ದಂಗೆ ಕಾಣ್ಬೇಕು." ಒಮ್ಮೆಯಾದರೂ ಕಲಾವಿದ ಅನ್ನಿಸಿಕೊಳ್ಳಬೇಕು ಎಂಬ ಹುಚ್ಚು ನನಗೆ. ಮೂರು ಸಲ ಮಾಡಿ ತೋರಿಸಿದೆ, ಮೂರು ಸಲವೂ ಬೇಡ ಅಂದರು. "ಜೀವ ಇಲ್ಲ ಇದ್ರಲ್ಲಿ. ಮೊದ್ಲು ನಮ್ಗೆ ಗಾಜಿನ ಮೇಲೆ ಬರ್ಕೊಡ್ತಿದ್ನಲ್ಲ ಮುನಿರಾಜ, ಅವ್ನೆಲ್ಲವ್ನೆ ಹುಡುಕು."

ಹುಡುಕಿದೆ. ರಾಜಗೋಪಾಲನಗರದ ನಿಮ್ಮ ಮನೆಗೆ ಬಂದಾಗ ನೀವು ಕಾರ್ಖಾನೆಯ ವಾಚ್‌ಮನ್ ಬಟ್ಟೆಯಲ್ಲಿದ್ದಿರಿ. ವಿಷಯ ಕೇಳಿದ್ದೇ ತಡ, ಮಂಚದ ಕೆಳಗಿನ ಟ್ರಂಕು ಎಳೆದು, ಬೇರೆ ಟಾಕೀಸುಗಳಿಗೆ ಬರೆದು ಪೇಪರಿನಲ್ಲಿ ಸುತ್ತಿಟ್ಟಿದ್ದ ಗಾಜಿನ ಸ್ಲೈಡುಗಳನ್ನು ಒಂದೊಂದಾಗಿ ಬಿಚ್ಚಿದಿರಿ. "ಇವ್ನ ತೋರ್ಸಪ್ಪ ಗೌಡ್ರಿಗೆ. ಹೊಸವು ಬರ್ಕೊಡ್ತೀನಿ ಅಂತೇಳು. ಬ್ರಷ್ ಮುಟ್ಟಿ ಎಷ್ಟು ವರ್ಷ ಆಯ್ತೋ — ಈ ಕೈ ಸುಮ್ಕಿರಕ್ಕೆ ಒಲ್ಲೆ ಅಂತದೆ."

ಒಂದು ವಾರ ಆ ಗಾಜುಗಳು ನನ್ನ ಸ್ಕ್ಯಾನರಿನ ಮೇಲಿದ್ದವು. ಗೌಡರಿಗೆ ನಾನು ಹೇಳಿದ್ದು: "ಮುನಿರಾಜಣ್ಣಂಗೆ ಕೈ ನಡುಗುತ್ತೆ ಸಾರ್, ಬರಿಯಕ್ಕಾಗಲ್ಲ. ನಾನೇ ಹೊಸದಾಗಿ ಬರ್ದಿದೀನಿ." ನಿಮಗೆ ಹೇಳಿದ್ದು: "ಗೌಡ್ರಿಗೆ ಹಿಡಿಸ್ಲಿಲ್ಲ ಕಣಣ್ಣ, ಈಗಿನ ಕಾಲಕ್ಕೆ ನಡಿಯಲ್ಲ ಅಂದ್ರು." ಎರಡೂ ಸುಳ್ಳು. ಒಳಗಿನಿಂದ ನಿಮ್ಮ ಮಗಳು, "ಸಾಕು ಬಿಡಪ್ಪ, ಈ ವಯಸ್ಸಲ್ಲಿ ಯಾಕೆ ಮರ್ಯಾದೆ ಕಳ್ಕೊಳ್ತೀಯ" ಅಂದದ್ದು ನನಗೂ ಕೇಳಿಸಿತು. ನೀವು ಗಾಜುಗಳನ್ನು ಪೇಪರಿನಲ್ಲಿ ಸುತ್ತಲೂ ಇಲ್ಲ, ಹಾಗೇ ಮಂಚದ ಕೆಳಗೆ ತಳ್ಳಿದಿರಿ. ಆಗಲೇ ನಾನು ನಿಜ ಹೇಳಬಹುದಿತ್ತು — ಹೇಳದೆ ಎದ್ದು ಬಂದೆ.

ಸ್ಕ್ಯಾನ್ ಮಾಡುವಾಗ ಪ್ರತಿ ಚಿತ್ರದ ಮೂಲೆಯಲ್ಲೂ ಒಂದು ಕಪ್ಪು ಚುಕ್ಕೆ ಕಂಡಿತ್ತು. ಧೂಳಿರಬೇಕೆಂದು ಎಲ್ಲವನ್ನೂ ಅಳಿಸಿದ್ದೆ. ಕಡಲೆಕಾಯಿ ಪೊಟ್ಟಣದ ಪಕ್ಕದ್ದು ಮಾತ್ರ ಕಣ್ತಪ್ಪಿ ಉಳಿದಿತ್ತು. ಮೊದಲ ದಿನದ ಮ್ಯಾಟಿನಿಯಲ್ಲಿ ಅದು ಪರದೆಯ ಮೇಲೆ ದೊಡ್ಡದಾಗಿ ಬಂದಾಗಲೇ ಗೊತ್ತಾಗಿದ್ದು — ಧೂಳಲ್ಲ, ಇರುವೆ! ಆರು ಕಾಲು, ಎರಡು ಮೀಸೆ. ಸ್ಲೈಡಿನ ಮೇಲೆ ಹೆಸರು ಹಾಕಲು ಮಾಲೀಕರು ಬಿಡುತ್ತಿರಲಿಲ್ಲವಂತೆ, ಅದಕ್ಕೇ ನೀವು ಪ್ರತಿ ತಿಂಡಿಯ ಪಕ್ಕ ಒಂದು ಇರುವೆ ಬಿಡುತ್ತಿದ್ದಿರಂತೆ. ನಿಮ್ಮ ನೆನಪಿಗೆಂದು ನಾನೇ ಅದನ್ನು ಬರೆದೆ ಎಂದುಕೊಂಡು ಪ್ರೊಜೆಕ್ಟರ್ ರೂಮಿನವರು ಆಮೇಲೆ ಹೇಳಿದರು.

ವರಾಂಡಕ್ಕೆ ಬಂದರೆ ಎದುರಿಗೆ ನೀವು. ಟಿಕೆಟ್ ಕೊಂಡು ನೋಡಲು ಬಂದಿದ್ದಿರಿ. ನಾಲ್ಕು ಹೆಜ್ಜೆ ಆಚೆ ಗೌಡರು ನಮಗೆ ಬೆನ್ನು ಮಾಡಿಕೊಂಡು ಯಾರೊಂದಿಗೋ ನಗುತ್ತಿದ್ದರು.

"ಚೆನ್ನಾಗದೆ ಕಣಪ್ಪ. ಯಾರು ಬರ್ದಿದ್ದು?"

"ನಾನೇ ಅಣ್ಣ."

ನೀವು ನನ್ನ ಮುಖವನ್ನೇ ನೋಡಿದಿರಿ. ಒಂದು ಮಾತು ಕೂಗಿದ್ದರೆ ಸಾಕಿತ್ತು, ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. "ಒಳ್ಳೇ ಕೈ," ಅಂದಿರಿ. ಉಳಿದರ್ಧ ಸಿನಿಮಾ ನೋಡದೆ ಗೇಟು ದಾಟಿ ಹೋದಿರಿ.

ಆ ಚಿತ್ರಗಳಿಂದಲೇ ನನಗೆ ಹೆಸರು ಬಂತು, ಸ್ವಂತ ಅಂಗಡಿಯಾಯಿತು. ಟಾಕೀಸು ಕೆಡವಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಇನ್ನು ಕೇಳುವವರಿಲ್ಲ ಎಂದು ಒಳಗೊಳಗೇ ನೆಮ್ಮದಿಯಾಗಿದ್ದವನು ನಾನು — ಹೋದ ವಾರ ಬೇಕರಿ ಮುಂದೆ ನೀವು ಸಿಗುವ ತನಕ.

ಜೊತೆಗೆ ಮೊಮ್ಮಗಳು ಭವ್ಯ ಇದ್ದಳು. ಚಿತ್ರ ಬರೆಯುತ್ತಾಳೆ ಅಂದಿರಿ. ತಾತನೇ ಹೇಳಿಕೊಡಬಹುದಲ್ಲ ಎಂದು ಬಾಯಿತಪ್ಪಿ ಅಂದುಬಿಟ್ಟೆ. ಆ ಮಗು ನಕ್ಕಿತು: "ತಾತಂಗೆ ಬರಲ್ಲ ಅಂಕಲ್! ಟಾಕೀಸಲ್ಲಿ ಬೇಡ ಅಂದು ಕಳ್ಸಿದ್ರಂತೆ, ಅಮ್ಮ ಹೇಳಿದಾರೆ." ನೀವೂ ನಕ್ಕಿರಿ. "ಹೂಂ ಕಣವ್ವ, ನಂಗೇನ್ ಬತ್ತದೆ. ಇವ್ನೇ ದೊಡ್ಡ ಆರ್ಟಿಸ್ಟು, ಇವ್ನ ಹತ್ರ ಕಲ್ತ್ಕೋ."

ಅಯ್ಯೋ ಮುನಿರಾಜಣ್ಣ, ಮನೆಯಲ್ಲೂ ನೀವು ಬಾಯಿ ಬಿಟ್ಟಿಲ್ಲವೇ? ಎಂಟು ವರ್ಷ? ಎದುರು ಬಂದು ಹೇಳೋಣವೆಂದು ಎರಡು ಸಲ ನಿಮ್ಮ ಬೀದಿಯ ತನಕ ಬಂದೆ, ತಿರುವಿನಿಂದಲೇ ವಾಪಸಾದೆ. ಕ್ಷಮಿಸಿ ಅನ್ನಲು ನನಗೆ ಮುಖವಿಲ್ಲ, ಅದಕ್ಕೇ ಕೇಳುತ್ತಿಲ್ಲ.

ಕನ್ನಡಕ ಹಾಕಿದರೂ ಅಕ್ಷರ ಕಾಣಲ್ಲ, ಕಾಗದಪತ್ರವನ್ನೆಲ್ಲ ಭವ್ಯಳೇ ಓದಿ ಹೇಳೋದು ಎಂದು ಅವತ್ತು ನೀವೇ ಹೇಳಿದಿರಿ. ಅದು ಗೊತ್ತಿದ್ದೇ ಈ ಕಾಗದ ಬರೆದೆ.

ಭವ್ಯ, ನಿನ್ನ ತಾತ ಈಗ "ಸಾಕು, ನಿಲ್ಸವ್ವ" ಅನ್ನಬಹುದು. ನಿಲ್ಲಿಸಬೇಡ ಮಗು. ಮೊದಲಿನಿಂದ ಇನ್ನೊಂದು ಸಲ ಓದು — ಒಳಗಿರುವ ನಿನ್ನ ಅಮ್ಮನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಓದು.