ಚಳಿ ಊರಿನ ಟೊಮೆಟೊಗೆ ಬಸಳೆಯ ಉಪಚಾರ

ಸ್ನೇಹಿತರೇ, ಯಾರೂ ಸಮಾಧಾನ ಹೇಳಬೇಡಿ. ನನ್ನ ಟೊಮೆಟೊ ಗಿಡದ ತಲೆ ಇವತ್ತು ಬೆಳಿಗ್ಗೆ ಹೋಯಿತು.

ಊಟಿಯ ಹೋಟೆಲಿನಲ್ಲಿರುವ ಭಾವ ತಂದುಕೊಟ್ಟ ಬೀಜ ಅದು. ಅಲ್ಲಿ ಆಳೆತ್ತರ ಬೆಳೆದು ಮುಷ್ಟಿಗಿಂತ ದೊಡ್ಡ ಹಣ್ಣು ಬಿಡುತ್ತದಂತೆ. ಹೋದ ವರ್ಷ ಕರಾವಳಿಯ ನಮ್ಮ ತಲ್ಲೂರಿನ ಸೆಕೆಗೆ ಹೂವೆಲ್ಲ ಉದುರಿತ್ತು. ಈ ಸಲ ಉಳಿದ ಒಂದೇ ಗಿಡವನ್ನು ಬಾವಿಯ ಬದಿಯ ತಂಪಿನಲ್ಲಿ ಕೋಲು ಕಟ್ಟಿ ಬೆಳೆಸಿದ್ದೆ. ಚಳಿ ಬಿದ್ದ ಮೇಲೆ ತುದಿಯ ಹತ್ತಿರ ಮೊದಲ ಗೊಂಚಲು ಹೂ ಬಂದಿತ್ತು.

ನೀರು ಸೇದಲು ಹೋದರೆ ಅತ್ತೆ ಕತ್ತಿ ಹಿಡಿದು ನಿಂತಿದ್ದಾರೆ. ಕುಡಿ ಹೂವಿನ ಸಮೇತ ನೆಲದ ಮೇಲಿದೆ.

"ಎಂತ ಮಾಡ್ದ್ರಿ ಅತ್ತೆ?"

"ಕುಡಿ ತೆಗ್ದೆ. ಬರೀ ಉದ್ದ ಹೋಪುದೇ ಆಯ್ತಲೆ ಹೆಣ್ಣೇ! ಬಸಳೆ ಕುಡಿ ಕೊಯ್ದ್ರೆ ಅಲ್ದಾ ಕವಲ್ ಒಡೂದ್?"

"ಇದ್ ಬಸಳೆ ಅಲ್ಲ."

"ಕೋಲಿಗ್ ಕಟ್ಟಿದ್ ಮೇಲೆ ಬಳ್ಳಿಯೇ ಅಲ್ದಾ? ಶಿವರಾತ್ರಿ ಕಳಿಲಿ, ನಾಕ್ ಕವಲ್ ಬತ್ತ್ ಕಾಣ್."

ಅವರು ಹೇಳಿದ್ದು ಸುಳ್ಳಲ್ಲ. ಕವಲು ಬರುತ್ತದೆ, ಹೂವೂ ಬರುತ್ತದೆ. ಅಷ್ಟರಲ್ಲಿ ಸೆಕೆಯೂ ಬಂದಿರುತ್ತದೆ. ಈ ಊರಿನ ಚಳಿ ಮಾತ್ರ ಒಂದು ಸಲ ಕೊಯ್ದರೆ ಮತ್ತೆ ಚಿಗುರುವುದಿಲ್ಲ.