ಹಾಲು ಕರೆಯುವ ಹೊತ್ತಿಗೆ ನಿಲ್ಲುವ ಲೆಕ್ಕ

ಯೋಚನೆಗೆ ಬಿದ್ದರೆ ನನ್ನ ತಮ್ಮನ ಮಗಳು ಜಡೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಪಿಎಚ್.ಡಿ. ಮಾಡುವ ವಯಸ್ಸಿನಲ್ಲೂ ಆ ತುದಿ ಸದಾ ಒದ್ದೆ. ಹಸು ಇವತ್ತು ಎಷ್ಟು ಕೊಟ್ಟೀತು ಎಂದು ಕೇಳಿದರೂ, "ಅಳೀದೆ ಯೋಳ್ಬಾರ್ದು ದೊಡ್ಡಪ್ಪ" ಎನ್ನುವಳು.

ಎಸ್ಸೆಸ್ಸೆಲ್ಸಿ ಓದಿದ ನನಗೆ ತನ್ನ ಕೆಲಸವನ್ನು ಹೊಣಕೆರೆ ಪಕ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ಬಿಡಿಸಿ ಹೇಳಿದ್ದಳು. ಕಣ್ಣಿಗೆ ಕಾಣದ ಒಂದು ಕಣ. ಅದನ್ನು ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ಶುರು ಮಾಡಿ ಬಿಟ್ಟರೆ, ಸುತ್ತಲಿನ ಪರಿಸರ ತಾಕಿ ತಾಕಿ ಆ ಎರಡರ ವ್ಯತ್ಯಾಸ ಮಸುಕಾಗುತ್ತ ಹೋಗುತ್ತದೆ. ನಡುವೆ ಎಲ್ಲಾದರೂ ಅದು ಮತ್ತೆ ಸ್ಪಷ್ಟವಾದರೆ, ಸುತ್ತಲಿಗೆ ನೆನಪಿದೆ, ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುತ್ತಿದೆ ಎಂದರ್ಥ.

"ತಗಂಡೋದ ಪಾತ್ರೆ ವಾಪಸ್ ಕೊಡೋ ನೆಂಟ್ರು ಅನ್ನು. ಅಂತೋರು ಎಲ್ಲವ್ರವ್ವಾ?" ಎಂದೆ.

"ಅದ್ನೇ ಉಡುಕ್ತಾ ಇವ್ನಿ" ಎಂದು ನಕ್ಕಳು.

ಆ ಬೇಸಿಗೆಯಲ್ಲಿ ಕಂಪ್ಯೂಟರನ್ನೇ ಊರಿಗೆ ಹೊತ್ತು ತಂದಿದ್ದಳು. ಲೆಕ್ಕ ಒಂದು ವಾರದಿಂದ ಬಿಡದೆ ಓಡುತ್ತಿತ್ತು. ಸೋಮವಾರ ಅವಳ ಗೈಡಿಗೆ ಫಲಿತಾಂಶ ಕಳಿಸಿದರೆ ದೊಡ್ಡ ಸಮ್ಮೇಳನವೊಂದರಲ್ಲಿ ಮಾತಾಡುವ ಅವಕಾಶ. ಕರೆಂಟು ಹೋದರೂ ನಿಲ್ಲಬಾರದೆಂದು ಇನ್ವರ್ಟರಿಗೆ ಸಿಕ್ಕಿಸಿದ್ದಳು.

ಭಾನುವಾರ ಸಂಜೆ ಕರೆಂಟು ಹೋಯಿತು. ಡೇರಿಗೆ ಹಾಲು ಹಾಕುವ ಹೊತ್ತು. ಕೆಚ್ಚಲು ಬಿಗಿದು ಹಸುಗಳು ಕೂಗುತ್ತಿದ್ದವು. ನನ್ನ ಕೈ ನಡುಗುತ್ತದೆ, ಮಿಷನ್ನು ಇಲ್ಲದೆ ಕರೆಯಲಾರೆ. ಎರಡನ್ನೂ ಒಟ್ಟಿಗೆ ಎಳೆಯುವ ಶಕ್ತಿ ಇನ್ವರ್ಟರಿಗಿರಲಿಲ್ಲ. ಅವಳು ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಲೆಕ್ಕ ತಾನೆ, ಆಮೇಲೆ ಮುಂದುವರಿಸಿಕೊಳ್ಳುತ್ತಾಳೆ ಎಂದುಕೊಂಡು ಅವಳ ಪ್ಲಗ್ಗು ಕಿತ್ತು ಮಿಷನ್ನು ಹಾಕಿದೆ. ಕರೆದು ಮುಗಿಸಿ, ಪ್ಲಗ್ಗನ್ನು ಮೊದಲಿನಂತೆ ಸಿಕ್ಕಿಸಿದೆ.

ಒದ್ದೆ ತಲೆಯಲ್ಲೇ ಬಂದವಳು ಕಪ್ಪು ಪರದೆ ನೋಡಿ ಕುಸಿದು ಕೂತಳು. "ವಾರದ್ದೆಲ್ಲ ಓಯ್ತಲ್ಲ! ಯಾರಾರ ಮುಟ್ಟಿದ್ರಾ ದೊಡ್ಡಪ್ಪ?"

"ಇಲ್ಲ ಕಣ್ ಮಗ. ಇನ್ವರ್ಟ್ರೇ ಕೆಟ್ಟೈತೆ."

ಸಮ್ಮೇಳನ ತಪ್ಪಿತು. ಅವಳು ಕರೆಸಿದ ಎಲೆಕ್ಟ್ರಿಷಿಯನ್ ಇನ್ವರ್ಟರ್ ಬಿಚ್ಚಿ ನೋಡಿ, "ಕಲ್ಲಿದ್ದಂಗದೆ ಕಣಕ್ಕ. ಯಾರೋ ಪ್ಲಗ್ ಕಿತ್ತವ್ರೆ" ಎಂದ. ನಾನು ಹುಲ್ಲಿನ ಕಂತೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವನಿಗೆ, "ಓಗ್ಲಿ ಬುಡಣ್ಣ, ನನ್ ಕಾಲೇ ತಾಕಿರ್ಬೇಕು" ಎಂದಳು. ಅಳೆಯದೆ ಮಾತಾಡದ ಹುಡುಗಿ ನನ್ನ ಮಾನಕ್ಕಾಗಿ ಸುಳ್ಳು ಹೇಳಿದಳು.

ಮತ್ತೆ ಕೂತು ಲೆಕ್ಕದ ಪ್ರೋಗ್ರಾಮನ್ನೆಲ್ಲ ಹೊಸದಾಗಿ ಬರೆದಳು. ಮುಂದಿನ ಸಲ ಕರೆಂಟು ಹೋದಾಗ ತಾನೇ ಕೊಟ್ಟಿಗೆಗೆ ಬಂದು ಇನ್ವರ್ಟರಿನ ವೈರು ನೀಡಿದಳು. "ತಗಳಿ. ಇನ್ಮೇಕೆ ಹಾಲ್ ಕರಿಯೋ ಒತ್ಗೆ ನನ್ ಲೆಕ್ಕ ನಿಂತ್ಕತದೆ. ಆಮೇಕೆ ನಿಂತ ಜಾಗದಿಂದ್ಲೇ ಓಡ್ತದೆ." ನಾನು ಅದನ್ನು ತೆಗೆದುಕೊಂಡು ಮಿಷನ್ನಿಗೆ ಸಿಕ್ಕಿಸಿದೆ.

ಲೆಕ್ಕ ಮುಗಿದ ದಿನ ಮೊದಲು ಕರೆದದ್ದೂ ನನ್ನನ್ನೇ. ಪರದೆಯ ಮೇಲೆ, ಆ ವ್ಯತ್ಯಾಸ ತೋರಿಸುತ್ತ ಇಳಿಯುತ್ತಿದ್ದ ಗೆರೆ ಒಂದು ಕಡೆ ಮೇಲೆದ್ದಿತ್ತು. "ನೆಪ್ಪದೆ ದೊಡ್ಡಪ್ಪ!" ಎಂದು ಕೈ ಹಿಡಿದು ಕುಲುಕಿದಳು. ಆಗಲಾದರೂ ಹೇಳಬಹುದಿತ್ತು. "ಒಳ್ಳೇದಾಯ್ತು ಕಣ್ ಮಗ" ಎಂದು ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟೆ.

ಈಗ ಅವಳು ಮೈಸೂರಿನಲ್ಲಿ ಪಾಠ ಮಾಡುತ್ತಾಳೆ. ಬಂದಾಗಲೆಲ್ಲ ನನ್ನ ಕಾಲಿನ ಊತ ಒತ್ತಿ ನೋಡಿ, ಉಪ್ಪು ತಿಂದದ್ದಕ್ಕೆ ಬೈದು ಹೋಗುತ್ತಾಳೆ. ಇದನ್ನು ಓದಿದರೆ ಅವಳಿಗೆ ಹೊಸದೇನೂ ಸಿಗುವುದಿಲ್ಲ. ಇಷ್ಟು ವರ್ಷ ಅವಳು ಬಾಯಿ ಬಿಡದೆ ಉಳಿದದ್ದು, ನಾನೇ ಹೇಳಲಿ ಎಂದಿರಬೇಕು.

ಕಿತ್ತವನು ನಾನೇ, ಮಗ.